ಬೆನ್ನು ನನ್ನದು, ಹೆಸರು ಮಾಸ್ತರರದು

ಸಾಲ, ಸಕ್ಕರೆ ಕಾಯಿಲೆ, ಹಳೆಯ ಪ್ರೇಮ ಇವನ್ನೆಲ್ಲ ಮನುಷ್ಯ ಹೇಗೋ ಒಳಗೇ ಇಟ್ಟುಕೊಂಡು ಬದುಕಿಬಿಡುತ್ತಾನೆ. ಆದರೆ ಹೆಮ್ಮೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವುದಿದೆಯಲ್ಲ, ಅದು ನನ್ನಂಥವನಿಂದ ಆಗುವ ಕೆಲಸವಲ್ಲ. ನಾನು ಕುಂದಾಪುರದ ಕಡೆಯವನು. ಅಹಮದಾಬಾದಿನ ನವರಂಗಪುರದಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತೇನೆ. ಸಾಂಬಾರು ತುಸು ಹೆಚ್ಚು ರುಚಿಯಾದ ದಿನ ಗಲ್ಲಾ ಬಿಟ್ಟು ಎದ್ದುಹೋಗಿ ಗಿರಾಕಿಗಳನ್ನು ‘ಹೇಗಿದೆ?’ ಎಂದು ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅಂಥವನು, ಇಡೀ ಬೇಸಿಗೆ ನಾನು ಮಾಡಿದ ಘನಕಾರ್ಯವನ್ನು ಯಾರ ಹತ್ತಿರವೂ ಹೇಳಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದೆ. ಆ ಬುದ್ಧಿವಂತಿಕೆಯ ಫಲವನ್ನು ಈಗ ಉಣ್ಣುತ್ತಿದ್ದೇನೆ.

ನನ್ನ ಹೆಂಡತಿ ವಸುಧಾ ಚಿತ್ರಕಲಾವಿದೆ. ಮೊದಲು ರಂಗೋಲಿ, ಆಮೇಲೆ ಜಲವರ್ಣ, ಆಮೇಲೆ ವಾರಕ್ಕೊಮ್ಮೆ ರೈಲು ಹತ್ತಿ ವಡೋದರಾಕ್ಕೆ ಹೋಗಿ ಒಬ್ಬ ಮೇಷ್ಟರ ಬಳಿ ಕಲಿಕೆ. ಹೀಗೆ ಬೆಳೆದವಳಿಗೆ ಹೋದ ವರ್ಷ ಸೂರತ್ತಿನ ಒಬ್ಬ ಹಳೆಯ ನಟನ ಗುಂಗು ಹಿಡಿಯಿತು. ಹೆಂಗಸರು ರಂಗ ಹತ್ತದಿದ್ದ ಕಾಲದಲ್ಲಿ ನಾಟಕ ಕಂಪನಿಯ ನಾಯಕಿಯ ಪಾತ್ರಗಳನ್ನೆಲ್ಲ ಮಾಡುತ್ತಿದ್ದ ಗಂಡಸು. ಎಲ್ಲರೂ ಮಾಸ್ತರ್ ಎಂದೇ ಕರೆಯುತ್ತಿದ್ದರಂತೆ. ಊರಿನ ಹೆಂಗಸರು ನಾಟಕಕ್ಕೆ ಹೋಗುತ್ತಿದ್ದದ್ದೇ ಅವರು ಸೆರಗು ಹೊದೆಯುವ ರೀತಿಯನ್ನು ನೋಡಿ ಬಂದು ಮನೆಯಲ್ಲಿ ಹಾಗೇ ಹೊದೆಯುವುದಕ್ಕಂತೆ. ಅವರದು ಒಂದೇ ಒಂದು ಫೋಟೊ ಸಿಕ್ಕಿತು, ಅದೂ ಕುತ್ತಿಗೆಯಿಂದ ಮೇಲಿನದು. ಉಳಿದ ಶರೀರಕ್ಕೆ ಏನು ಮಾಡುವುದು?

ಒಂದು ಸೋಮವಾರ, ಹೋಟೆಲಿಗೆ ರಜೆಯಿದ್ದ ದಿನ, ನಾನು ಅಹಮದಾಬಾದಿನದೇ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಬನಿಯನ್ ಹಾಕಿಕೊಂಡು ಟೀವಿ ನೋಡುತ್ತಿದ್ದಾಗ ವಸುಧಾ ಕೈಯಲ್ಲಿ ಸೀರೆ ಹಿಡಿದುಕೊಂಡು ಬಂದು ಎದುರು ನಿಂತಳು.

“ಹೆಂಗಸನ್ನು ನಿಲ್ಲಿಸಿ ಬರೆದ್ರೆ ಅದು ಹೆಂಗಸಿನ ಚಿತ್ರ ಆಗ್ತದೆ. ನಂಗೆ ಬೇಕಾದ್ದು ಸೀರೆ ಉಟ್ಟ ಗಂಡಸು. ಮನೆಯಲ್ಲಿರುವ ಗಂಡಸು ನೀವೊಬ್ರೇ ಅಲ್ವಾ?” ಎಂದಳು.

“ನಿಂಗೆ ತಲೆ ಸರಿ ಉಂಟಾ ಮಾರಾಯ್ತಿ? ಹೋಟೆಲಿನವರ ಸಂಘದಲ್ಲಿ ಗೊತ್ತಾದ್ರೆ ನಾನು ಮುಖ ಎತ್ತಿ ತಿರುಗಲಿಕ್ಕೆ ಉಂಟಾ?” ಎಂದೆ.

“ಮುಖ ಮಾಸ್ತರರದ್ದೇ ಹಾಕ್ತೇನೆ. ನಿಮ್ಮ ಹೆಸರು ನನ್ನ ಬಾಯಿಂದ ಬರೂದಿಲ್ಲ, ಆಯ್ತಲ್ಲ?”

ಹೀಗೆ ಒಪ್ಪಂದವಾಯಿತು. ಅಂದಿನಿಂದ ಪ್ರತಿ ಸೋಮವಾರ ಪರದೆಗಳನ್ನೆಲ್ಲ ಎಳೆದು, ಇಲ್ಲಿಯವರ ಹಾಗೆ ಸೆರಗನ್ನು ಬಲಭುಜದ ಮೇಲಿಂದ ಮುಂದಕ್ಕೆ ತಂದು ನನ್ನನ್ನು ನಿಲ್ಲಿಸುತ್ತಿದ್ದಳು. ಕೊರಿಯರಿನವನು ಬೆಲ್ ಮಾಡಿದರೆ ನಾನು ಬಚ್ಚಲುಮನೆಗೆ ಓಡಬೇಕು. ಸೀರೆ ಉಟ್ಟು ಓಡುವುದು ಎಷ್ಟು ಕಷ್ಟವೆಂದು ನನಗೆ ಐವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು. ನನ್ನ ಹೊಟ್ಟೆಯದು ಬೇರೆ ತಾಪತ್ರಯ. “ಎಳ್ಕೊಳ್ಳಿ, ಇನ್ನೂ ಸ್ವಲ್ಪ ಎಳ್ಕೊಳ್ಳಿ” ಎಂದು ವಸುಧಾ ಹೇಳಿ ಹೇಳಿ ಸುಸ್ತಾಗಿ, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕಡೆಗೆ ಪೂರ್ತಿ ಆಚೆ ತಿರುಗಿಸಿಬಿಟ್ಟಳು. ಕನ್ನಡಿಯ ಮುಂದೆ ನೋಡುವವರಿಗೆ ಬೆನ್ನು ಹಾಕಿ ನಿಂತ ಮಾಸ್ತರರು ಹೆಗಲ ಮೇಲಿಂದ ತುಸುವೇ ಹೊರಳಿ ನೋಡುವ ದೊಡ್ಡ ಚಿತ್ರ ಹುಟ್ಟಿದ್ದು ಹೀಗೆ.

ಮೊದಮೊದಲು ಗೊಣಗುತ್ತಿದ್ದ ನನಗೆ ಬರಬರುತ್ತಾ ರುಚಿ ಹತ್ತಿತು. ‘ಕೈ ಹೀಗಿದ್ದರೆ ಚೆನ್ನಲ್ವಾ?’ ಎಂದು ನಾನೇ ಸಲಹೆ ಕೊಡತೊಡಗಿದೆ. ಗಲ್ಲಾದಲ್ಲಿ ಕೂತಾಗಲೂ ಅಭ್ಯಾಸಬಲದಿಂದ ಕತ್ತು ಹೊರಳುತ್ತಿತ್ತು. ನಮ್ಮ ಅಡುಗೆ ಭಟ್ಟರು ಎರಡು ದಿನ ನೋಡಿ, “ರಾಯ್ರೆ, ಕುತ್ತಿಗೆ ಉಳುಕಿದ್ಯಾ? ಎಣ್ಣೆ ಬಿಸಿ ಮಾಡಿ ಕೊಡ್ಲಾ?” ಎಂದು ಕೇಳಿದರು. ಅವರಿಗೆ ನಿಜ ಹೇಳುವ ಹಾಗಿರಲಿಲ್ಲ. ಎಣ್ಣೆ ಹಚ್ಚಿಸಿಕೊಂಡೆ.

ವಸುಧಾಳ ಚಿತ್ರಗಳ ಪ್ರದರ್ಶನ ನಡೆದದ್ದು ವಡೋದರಾದ ಫತೇಗಂಜ್‌ನ ಒಂದು ಗ್ಯಾಲರಿಯಲ್ಲಿ. ವಿದ್ಯಾರ್ಥಿಗಳು, ಕಲಾವಿದರು, ಪತ್ರಿಕೆಯವರು ಎಲ್ಲ ಬಂದಿದ್ದರು. ನಾನು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಹೆಗಲಿಗೆ ಶಾಲು ಹಾಕಿ, ಕಲಾವಿದೆಯ ಗಂಡ ಎಂಬ ಗತ್ತಿನಲ್ಲಿ ನಿಂತಿದ್ದೆ. ಜನವೆಲ್ಲ ಆ ಬೆನ್ನಿನ ಚಿತ್ರದ ಮುಂದೆಯೇ ಗುಂಪುಗೂಡಿದರು. ವಸುಧಾಳ ಮೇಷ್ಟರು ಗಡ್ಡ ನೀವಿಕೊಳ್ಳುತ್ತಾ, “ಚರಿತ್ರೆ ನಮಗೆ ಬೆನ್ನು ಹಾಕಿ ನಿಂತಿದೆ. ಎಷ್ಟು ಆಳವಾಗಿ ಯೋಚಿಸಿದ್ದಾರೆ ನೋಡಿ” ಎಂದು ಹಿಂದಿಯಲ್ಲಿ ವಿವರಿಸಿದರು. ಆ ಆಳವಾದ ಯೋಚನೆಗೆ ಮೂಲ ನನ್ನ ಹೊಟ್ಟೆಯೆಂದು ಗೊತ್ತಿದ್ದವರು ಇಬ್ಬರೇ.

ಅಷ್ಟರಲ್ಲಿ ಸೂರತ್ತಿನಿಂದ ಬಂದಿದ್ದ ಒಬ್ಬ ವೃದ್ಧೆ ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ಕಣ್ಣು ಒರೆಸಿಕೊಂಡು ಗುಜರಾತಿಯಲ್ಲಿ, “ನಮ್ಮ ಅಜ್ಜಿ ಕನ್ನಡಿ ಮುಂದೆ ಹೀಗೇ ನಿಲ್ಲುತ್ತಿದ್ದಳು. ಮಾಸ್ತರರನ್ನು ನೋಡಿ ಕಲಿತದ್ದು ಅನ್ನುತ್ತಿದ್ದಳು. ಇಷ್ಟು ವರ್ಷದ ಮೇಲೆ ಅವಳನ್ನು ನೋಡಿದ ಹಾಗಾಯಿತು” ಎಂದರು. ಹೋಟೆಲಿನಲ್ಲಿ ಇಷ್ಟು ವರ್ಷ ಎಷ್ಟೋ ಜನರ ಹೊಟ್ಟೆ ತುಂಬಿಸಿದ್ದೇನೆ, ಯಾರೂ ನನ್ನ ಎದುರು ಹೀಗೆ ಕಣ್ಣೀರು ಹಾಕಿದ್ದಿಲ್ಲ. (ಮೆಣಸಿನ ಬಜ್ಜಿಯ ವಿಷಯ ಬೇರೆ.)

“ಮಾಡೆಲ್ ಯಾರು?” ಎಂದು ಮೇಷ್ಟರು ಕೇಳಿದರು. “ಈ ಬೆನ್ನು ನೋಡಿದರೆ ನೃತ್ಯ ಕಲಿತವರದ್ದೇ ಇರಬೇಕು.”

“ಹೆಸರು ಹೇಳಬಾರದು ಅಂತ ಮಾತು ಕೊಟ್ಟಿದ್ದೇನೆ” ಎಂದಳು ವಸುಧಾ.

ನಾನು ಅವಳಿಗೆ ಕಣ್ಸನ್ನೆ ಮಾಡಿದೆ. ಕೆಮ್ಮಿದೆ. ಹೇಳಿಬಿಡು ಮಾರಾಯ್ತಿ ಎಂದು ಹುಬ್ಬು ಕುಣಿಸಿದೆ. ಅವಳು ನನ್ನನ್ನು ನೋಡಿ, ಭಯಪಡಬೇಡಿ ಎಂಬಂತೆ ಮುಗುಳ್ನಕ್ಕು ತುಟಿ ಬಿಗಿದುಕೊಂಡಳು. ಮಾತಿಗೆ ತಪ್ಪದ ಹೆಂಡತಿ ಸಿಕ್ಕಿದ್ದಕ್ಕೆ ಅಂದು ಮೊದಲ ಬಾರಿ ನನಗೆ ಸಿಟ್ಟು ಬಂತು.

“ಅದು ನಾನೇ” ಎಂದೆ.

ಒಂದು ಕ್ಷಣ ಎಲ್ಲರೂ ನನ್ನ ಜುಬ್ಬಾದ ನಡುಭಾಗವನ್ನು ನೋಡಿದರು. ಆಮೇಲೆ ನಕ್ಕರು. “ಹೌದು, ಇವರೇ” ಎಂದು ವಸುಧಾ ಹೇಳಿದಾಗ, ಗಂಡನ ಮಾನ ಉಳಿಸುತ್ತಿದ್ದಾಳೆ ಎಂದುಕೊಂಡು ಇನ್ನೂ ಜೋರಾಗಿ ನಕ್ಕರು. ನನಗೆ ರೋಷ ಉಕ್ಕಿತು. ಹೆಗಲ ಮೇಲಿದ್ದ ಶಾಲನ್ನೇ ಬಲಭುಜದಿಂದ ಮುಂದಕ್ಕೆ ಇಳಿಬಿಟ್ಟು, ಚಿತ್ರದ ಪಕ್ಕಕ್ಕೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ, ಕತ್ತು ಹೊರಳಿಸಿ ನಿಂತುಬಿಟ್ಟೆ. ಫೋಟೊ ತೆಗೆಯುವವರು ತೆಗೆದರು. ಸೂರತ್ತಿನ ಆ ವೃದ್ಧೆ ಮಾತ್ರ ನಗಲಿಲ್ಲ. ಒಮ್ಮೆ ಚಿತ್ರವನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೋ, ಕೇಳುವ ಧೈರ್ಯವಾಗಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ವಸುಧಾ, “ನಾನು ಒಂದು ಗೆರೆಯನ್ನೂ ಸುಳ್ಳು ಹಾಕ್ಲಿಲ್ಲ. ಆ ಚಂದ ನಿಮ್ಮಲ್ಲಿ ಇದ್ದದ್ದೇ” ಎಂದಳು. ಮದುವೆಯಾಗಿ ಮೂವತ್ತು ವರ್ಷ ದೋಸೆಹಿಟ್ಟಿನ ವಾಸನೆಯ ಜೊತೆ ಬಾಳಿದವಳು ನನ್ನ ಬೆನ್ನಿನಲ್ಲಿ ಒಬ್ಬ ಮಹಾನಟನನ್ನು ಕಂಡಳಲ್ಲ! ಅವಳ ಕಣ್ಣಿನ ಬಗ್ಗೆ ನನಗಾದ ಹೆಮ್ಮೆಯ ಮುಂದೆ ನನ್ನ ಬೆನ್ನಿನ ಬಗೆಗಿನ ಹೆಮ್ಮೆ ಏನೂ ಅಲ್ಲ.

ಮರುದಿನ ಗುಜರಾತಿ ಪತ್ರಿಕೆಯಲ್ಲಿ ಚಿತ್ರವೂ ನಾನೂ ಅಕ್ಕಪಕ್ಕ ಅಚ್ಚಾಗಿದ್ದೆವು. ಕೆಳಗೆ ಬರೆದಿತ್ತು: ‘ಪತ್ನಿಯ ಕಲಾಕೃತಿಯಿಂದ ಪ್ರಭಾವಿತರಾಗಿ ಅದರಂತೆಯೇ ನಿಲ್ಲಲು ಯತ್ನಿಸುತ್ತಿರುವ ಹೋಟೆಲ್ ಮಾಲೀಕರು.’ ತಿದ್ದುಪಡಿ ಹಾಕಿಸಲಾ ಎಂದು ವಸುಧಾ ಕೇಳಿದಳು. ಬೇಡವೆಂದೆ. ಅದನ್ನೇ ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ್ದೇನೆ, ಕೇಳಿದವರಿಗೂ ಕೇಳದವರಿಗೂ ಕಥೆ ಹೇಳುತ್ತೇನೆ. ನನ್ನ ಹಾಗೆ ನಿಲ್ಲಲು ನಾನೇ ಯತ್ನಿಸಿ, ಅದೂ ಸರಿಯಾಗಿ ಬರಲಿಲ್ಲವಲ್ಲ ಎಂಬುದೊಂದೇ ಈಗಿನ ಬೇಸರ.