ಎಮ್ಮೆ, ಸೈಕಲ್ಲು ಮತ್ತು ಸೋದರಮಾವ

ಕತೆ ಹೇಳಿ ಮಕ್ಕಳನ್ನು ಮಲಗಿಸಬೇಕಾದ ಗವಿಸಿದ್ದೇಶ ಮಕ್ಕಳಿಗಿಂತ ಮೊದಲು ತಾನೇ ಮಲಗಿಬಿಟ್ಟ. ಮರುದಿನ ಆದದ್ದಕ್ಕೆಲ್ಲ ಮೂಲ ಇಷ್ಟೇ.

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಅವನು ಮ್ಯಾನೇಜರ್. ಮನೆಯಲ್ಲಿ ಒಂದನೇ ತರಗತಿಯ ಗಂಗಾ, ಎಲ್‌ಕೆಜಿಯ ದುರುಗೇಶ. ಇಬ್ಬರೂ ಮೊಬೈಲ್ ನೋಡದೆ ಮಲಗುತ್ತಿರಲಿಲ್ಲ. ನೋಡಿದರೆ ಮಲಗುವ ಮಾತೇ ಇರಲಿಲ್ಲ. ಹೆಂಡತಿ ಶೈಲಜಾ ಬೈದು ಬೈದು ದಣಿದ ಮೇಲೆ ಗವಿಸಿದ್ದೇಶ ತಾನೇ ಒಂದು ಶಾಸ್ತ್ರ ಹುಟ್ಟುಹಾಕಿದ. ಊಟ ಮುಗಿದ ಕೂಡಲೇ ಅವನ ಫೋನು ಜೋಳದ ಹಿಟ್ಟಿನ ಡಬ್ಬಿ ಸೇರಬೇಕು. ಯಾವ ಮಗು ಕೈ ಹಾಕಿದರೂ ಮೊಣಕೈತನಕ ಬಿಳಿಯಾಗಿ ಸಿಕ್ಕಿಬೀಳಬೇಕು. ದೀಪ ಆರಬೇಕು. ಅಪ್ಪ ಒಂದು ಮಾತು ಹೇಳಿದರೆ ಮಕ್ಕಳು "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಈ ಹೂಂಗುಟ್ಟುವುದು ಅವನ ಅಜ್ಜಿಯ ಕಾಲದ್ದೇ ಆದರೂ, ಗಿರಣಿಯಲ್ಲಿ ಅವನು ಅದನ್ನು ವಿವರಿಸುವ ರೀತಿ ನೋಡಿದರೆ ಅಜ್ಜಿಯೇ ಅವನಿಂದ ಕಲಿತಂತಿತ್ತು.

ಕತೆ ಮಾತ್ರ ಅವನದೇ. ಸೈಕಲ್ ಕಲಿಯಲು ಹಟ ಹಿಡಿದ ಒಂದು ಎಮ್ಮೆಯ ಕತೆ. ಅದು ಓಣಿ ಓಣಿ ಬೀಳುತ್ತಾ ಏಳುತ್ತಾ, ಆ ರಾತ್ರಿ ಬ್ರೇಕಿಲ್ಲದ ಸೈಕಲ್ಲಿನ ಸಮೇತ ಕಾಲುವೆಗೆ ಬಿತ್ತು. "ಆಮ್ಯಾಗ ಆ ಎಮ್ಮಿ..." ಎಂದವನ ಬಾಯಿಂದ ಮುಂದೆ ಬಂದದ್ದು ಗೊರಕೆ. ಮಕ್ಕಳು ಗೊರಕೆಗೂ ಬಹಳ ಹೊತ್ತು ಹೂಂಗುಟ್ಟಿದರಂತೆ.

ಬೆಳಿಗ್ಗೆ ಗಂಗಾ ಯೂನಿಫಾರ್ಮ್ ಹಾಕಿಕೊಳ್ಳಲಿಲ್ಲ.

"ಎಮ್ಮಿ ಇನ್ನಾ ನೀರಾಗ ಐತಿ," ಎಂದಳು.

"ಎಮ್ಮಿಗೆ ನೀರಂದ್ರ ಪ್ರೀತಿ ಇರತೈತವಾ. ಆರಾಮ ಐತಿ ಅದು."

"ಸೈಕಲ್ಲು?"

ಸೈಕಲ್ಲಿಗೆ ನೀರೆಂದರೆ ಪ್ರೀತಿ ಎಂದು ಹೇಳುವಷ್ಟು ಸುಳ್ಳುಗಾರ ಅವನಾಗಿರಲಿಲ್ಲ. ಸೈಕಲ್ಲಿಗೆ ತುಕ್ಕು ಹಿಡಿಯುತ್ತದೆ ಎಂದು ದುರುಗೇಶ ಅಳತೊಡಗಿದ. ಬಾಗಿಲಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಗವಿಸಿದ್ದೇಶ ಹೊಸ್ತಿಲ ಮೇಲೇ ಕೂತು, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಎಮ್ಮೆಯನ್ನು ಸೈಕಲ್ ಸಮೇತ ದಡ ಹತ್ತಿಸಿದ. ಮಕ್ಕಳು ಹೂಂಗುಟ್ಟಿದರು. ವ್ಯಾನಿನ ಚಾಲಕನೂ ಗೊತ್ತಿಲ್ಲದೆ ಒಂದೆರಡು ಸಲ ಹೂಂ ಅಂದ. ಹೇಳಿದ್ದು ಎಷ್ಟು ಚೆನ್ನಾಗಿ ಬಂತೆಂದರೆ, ವ್ಯಾನು ಹೋದ ಮೇಲೆ ಗವಿಸಿದ್ದೇಶ ಇಡೀ ಕತೆಯನ್ನು ಮೊದಲಿಂದ ಫೋನಿಗೆ ಹೇಳಿ, ದೀಪ ಆರಿಸುವ, ಹೂಂಗುಟ್ಟಿಸುವ ವಿಧಾನದ ಜೊತೆಗೆ, ಮನೆತನದ ವಾಟ್ಸಾಪ್ ಗುಂಪಿಗೆ ಕಳಿಸಿಯೂ ಬಿಟ್ಟ. ಯಲಬುರ್ಗಾದಿಂದ ಅವನ ತಂಗಿ ಕಸ್ತೂರೆಮ್ಮ ತಕ್ಷಣ ಕೈಮುಗಿದ ಚಿತ್ರ ಹಾಕಿದಳು. ಅವಳಿಗೆ ಇನ್ನೂ ಶಾಲೆಗೆ ಹೋಗದ ಅವಳಿ ಮಕ್ಕಳಿದ್ದವು. ಊಟಕ್ಕೂ ನಿದ್ದೆಗೂ ಕಾಡುತ್ತಿದ್ದವು.

"ಸಿದ್ದೇಶಾ," ಎಂದು ಎದುರುಮನೆಯ ಕಟ್ಟೆಯಿಂದ ಮುದಕಮ್ಮ ಕರೆದಳು. ಓಣಿಯಲ್ಲಿ ಅವಳ ಕಣ್ಣು ತಪ್ಪಿಸಿ ಬೆಕ್ಕೂ ದಾಟುತ್ತಿರಲಿಲ್ಲ. "ಹಾಡಹಗಲ ಹುಡುಗರಿಗೆ ಕತಿ ಹೇಳಿದೇನೋ?"

"ಹೂಂ ಅಜ್ಜಿ. ಹೆಂಗಿತ್ತು?"

"ಕತಿ ಛಲೋನ ಇತ್ತು. ಆದ್ರ ಹಗಲಾಗ ಕತಿ ಹೇಳಿದ್ರ ಕೇಳಿದ ಹುಡುಗರ ಸ್ವಾದರಮಾವ ದಾರಿ ತಪ್ಪತಾನಪಾ."

ಗವಿಸಿದ್ದೇಶ ನಕ್ಕ. ಅವನು ಓಣಿಯ ವಿಚಾರ ವೇದಿಕೆಯ ಕಾರ್ಯದರ್ಶಿ. ವೇದಿಕೆಯಲ್ಲಿ ಕಾರ್ಯದರ್ಶಿಯನ್ನು ಬಿಟ್ಟರೆ ಅಧ್ಯಕ್ಷರೊಬ್ಬರಿದ್ದರು. ಅವರು ಅಮಾವಾಸ್ಯೆಯ ದಿನ ಮಾತ್ರ ಸಭೆ ಕರೆಯುತ್ತಿರಲಿಲ್ಲ. "ಅಜ್ಜಿ, ಈಗ ಎಲ್ಲಾರ ಕಿಸೆದಾಗೂ ಮ್ಯಾಪ್ ಐತಿ. ದಾರಿ ತಪ್ಪತೀನಿ ಅಂದ್ರೂ ಅದು ಬಿಡಂಗಿಲ್ಲ."

"ಅದ ಮ್ಯಾಪಿಗೆ ಯಾರರ ಹಗಲಾಗ ಕತಿ ಹೇಳಿದ್ರ?" ಎಂದಳು ಮುದಕಮ್ಮ.

ಒಳಗಿಂದ ಏನೋ ಠಣ್ಣನೆ ಬಿದ್ದ ಸದ್ದಾಯಿತು. ಶೈಲಜಾ ಒಗ್ಗರಣೆ ಸೌಟು ಬಿಟ್ಟಿದ್ದಳು. ಏಕೆಂದರೆ ಆ ಮಕ್ಕಳ ಏಕೈಕ ಸೋದರಮಾವ, ಅವಳ ತಮ್ಮ ಕಲ್ಲೇಶ, ಆಗಲೇ ಕುಷ್ಟಗಿಯಿಂದ ಬಸ್ಸು ಹತ್ತಿದ್ದ. ಅದೂ ಹೆಣ್ಣು ನೋಡುವುದಕ್ಕೆ.

ಕಲ್ಲೇಶನಿಗೆ ಕುಷ್ಟಗಿಯಲ್ಲಿ ಮೋಟರ್ ರಿಪೇರಿಯ ಅಂಗಡಿ. ಗುಣವಂತ, ಕೈಕೆಲಸ ಚೆನ್ನ, ತಲೆಕೂದಲು ಮಾತ್ರ ಒಂದೊಂದೇ ಬೀಳ್ಕೊಳ್ಳುತ್ತಿತ್ತು. ಹಿಂದೆ ಮೂರು ಕಡೆ ಅವಲಕ್ಕಿ ತಿಂದು ಬರಿಗೈಲಿ ಬಂದಿದ್ದ. ಈ ಸಲದ ಹುಡುಗಿ ಲಲಿತಾ, ಗಿರಣಿಯ ಮಾಲಕ ವಿರುಪಾಕ್ಷಪ್ಪನ ಮಗಳು, ಮನೆ ಸಿದ್ದಾಪುರದಲ್ಲಿ. ಮಾತು ತೆಗೆದವನೇ ಗವಿಸಿದ್ದೇಶ. "ಹುಡುಗನ್ನ ನಾನ ಕರ್ಕೊಂಡು ಬರತೀನ್ರಿ, ಎರಡಕ್ಕ ಬರೋಬ್ಬರಿ," ಎಂದು ಮಾಲಕರಿಗೆ ಮಾತು ಕೊಟ್ಟಿದ್ದ. ಇದು ಕೂಡಿಬಂದರೆ ಹೆಂಡತಿಯ ಮುಂದೆ ಒಂದು ವರ್ಷ, ಮಾಲಕರ ಮುಂದೆ ಜೀವಮಾನ ತಲೆಯೆತ್ತಿ ತಿರುಗಬಹುದಿತ್ತು.

ಹತ್ತಕ್ಕೆ ಬರಬೇಕಾದ ಬಸ್ಸು ಹತ್ತೂವರೆಗೂ ಬರಲಿಲ್ಲ. ಕಲ್ಲೇಶನ ಫೋನು ಸ್ವಿಚಾಫ್.

"ನಾಲಗಿ ಹಿಡಿತದಾಗ ಇಟ್ಕೊಳಾಕ ಬರಂಗಿಲ್ಲೇನ್ ನಿಮಗ?" ಎಂದಳು ಶೈಲಜಾ.

"ಬಸ್ ಲೇಟಾದ್ರ ನನ್ನ ಎಮ್ಮಿ ಏನ್ ಮಾಡೀತು?"

"ಆ ಎಮ್ಮಿ ನೀರಾಗ ಇದ್ದಿದ್ರ ನನ್ನ ತಮ್ಮ ದಾರಿ ಮ್ಯಾಲೆ ಇರತಿದ್ದ."

ಆ ಹೊತ್ತಿಗೆ ಸುದ್ದಿ ಓಣಿಯ ಕೊನೆಯ ಮನೆ ಮುಟ್ಟಿತ್ತು. ಒಬ್ಬರು ಬಂದು ಹೊಸ್ತಿಲು ತೊಳೆಯಲು ಹೇಳಿದರು. ಇನ್ನೊಬ್ಬರು ಕತೆಯನ್ನು ಹಿಂದುಮುಂದಾಗಿ ಹೇಳಿದರೆ ದೋಷ ಕಳೆಯುತ್ತದೆಂದರು. ಆಟೊ ಓಡಿಸುವ ರಫೀ ಮಾತ್ರ ಉಪಯೋಗದ ಮಾತಾಡಿದ.

"ಕನಕಗಿರಿ ಹತ್ರ ಒಂದು ಬಸ್ ಕೆಟ್ಟು ನಿಂತೈತಂತ್ರಿ ಸಾಹೇಬ್ರ. ನಮ್ಮ ದೋಸ್ತ ಹೇಳಿದ. ಮಂದಿ ಎಲ್ಲಾ ಇಳಿದು, ಸಿಕ್ಕ ಗಾಡಿ ಹತ್ತಿ ಹೋಗ್ಯಾರಂತ."

ಗವಿಸಿದ್ದೇಶ ಬೈಕು ಹತ್ತಿದ. ಫೋನು ತೆಗೆದು ನೋಡಿದರೆ ಚಾರ್ಜು ಮುಗಿಯುತ್ತ ಬಂದಿತ್ತು. ರಾತ್ರಿಯೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಮಲಗಿದ ಫೋನಿನ ಚಾರ್ಜರ್ ತೂತಿನಲ್ಲಿ ಜೋಳದ ಹಿಟ್ಟು ಕೂತು, ಬೆಳಿಗ್ಗೆ ವಯರ್ ಚುಚ್ಚಿದರೂ ಕರೆಂಟು ಏರಿರಲಿಲ್ಲ. ಉಳಿದಿದ್ದ ಅಷ್ಟಿಷ್ಟನ್ನು ಎಮ್ಮೆ ತಿಂದು ಮುಗಿಸಿತ್ತು. ಊರು ದಾಟುವ ಮೊದಲೇ ಪರದೆ ಕಪ್ಪಾಯಿತು.

ಕನಕಗಿರಿಯ ಹತ್ತಿರ ಕೆಟ್ಟ ಬಸ್ಸು ನಿಜಕ್ಕೂ ನಿಂತಿತ್ತು. ಒಳಗೆ ಡ್ರೈವರ್ ಒಬ್ಬನೇ, ಸ್ಟೇರಿಂಗ್ ಅಪ್ಪಿಕೊಂಡು ಮಲಗಿದ್ದ. ಅಲ್ಲೇ ಚಹಾದಂಗಡಿಯ ಕಳಕಪ್ಪನನ್ನು ಕೇಳಿದ.

"ಇಸ್ತ್ರಿ ಅಂಗಿ, ಕೂದಲ ಸ್ವಲ್ಪ ಕಡಿಮಿ, ಮಾರಿ ಮ್ಯಾಲೆ ಒಂಥರಾ ಅಂಜಿಕಿ," ಎಂದು ಗುರುತು ಹೇಳಿದ.

"ಪರೀಕ್ಷಾಕ್ಕ ಹೊಂಟವ್ರಂಗ?"

"ಹಾಂ, ಹಂಗ."

"ಹಂಗಿದ್ದವ ಒಬ್ಬ ಹುಲಿಹೈದರ ಟಂಟಂ ಗಾಡಿ ಹತ್ತಿದ ನೋಡ್ರಿ."

ಗವಿಸಿದ್ದೇಶ ಹುಲಿಹೈದರಕ್ಕೆ ಹೋದ. ಅಲ್ಲಿ ಇಸ್ತ್ರಿ ಅಂಗಿಯ, ಕೂದಲು ಕಡಿಮೆಯ, ಅಂಜಿದ ಮುಖದ ಮನುಷ್ಯ ಸಿಕ್ಕ. ಅತ್ತೆಯ ಮನೆಗೆ ಹೆಂಡತಿಯನ್ನು ಕರೆಯಲು ಬಂದಿದ್ದ ಬೇರೆ ಯಾರೋ. ಆತ ಇವನ ಕೈ ಹಿಡಿದುಕೊಂಡು, ಒಳಗೆ ಬಂದು ತನ್ನ ಪರವಾಗಿ ಎರಡು ಮಾತಾಡಬೇಕೆಂದು ಕೇಳಿಕೊಂಡ. ಕೈ ಬಿಡಿಸಿಕೊಳ್ಳುವ ಹೊತ್ತಿಗೆ ಹನ್ನೆರಡರ ಬಿಸಿಲು ನೆತ್ತಿಗೆ ಬಂದಿತ್ತು.

ಗಂಗಾವತಿಗೆ ತಿರುಗಿ ಹೋಗುವ ಬದಲು ಒಳದಾರಿ ಹಿಡಿದು ನೇರ ಸಿದ್ದಾಪುರ ಸೇರುವುದೇ ಸರಿ ಎಂದು ಅವನಿಗೆ ಅನಿಸಿತು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವನು. ಗಿರಣಿಗೆ ಭತ್ತ ತರಲು ತಿರುಗದ ಊರಿಲ್ಲ. ಮಡ್ಡಿ ನೆಲ ಮುಗಿದು ಭತ್ತದ ಗದ್ದೆಗಳು ಶುರುವಾಗುವತನಕ ಎಲ್ಲ ಸರಿಯಿತ್ತು. ಆಮೇಲೆ ಯಾವ ಕಡೆ ತಿರುಗಿದರೂ ಅದೇ ಹಸಿರು, ಅದೇ ಉಪಕಾಲುವೆ, ಅದೇ ಮುರಿದ ಕಟ್ಟೆಯ ಸಣ್ಣ ಸೇತುವೆ. ಕಳೆ ಕೀಳುತ್ತಿದ್ದ ಹೆಂಗಸರನ್ನು ದಾರಿ ಕೇಳಿದ. ಒಬ್ಬಳು ಎಡಕ್ಕೆ ಕೈ ತೋರಿಸಿದಳು, ಒಬ್ಬಳು ಬಲಕ್ಕೆ. ಇಬ್ಬರಿಗೂ ಜಗಳ ಹತ್ತಿತು. ಅವನು ಮಧ್ಯದಲ್ಲಿ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಅವರ ಮುಂದೆಯೇ ಬಂದು ನಿಂತ. ಜಗಳ ಇನ್ನೂ ನಡೆದಿತ್ತು.

"ನೀವು ಯಾವ ಊರಿನವ್ರರೀ?" ಎಂದು ಒಬ್ಬಳು ಮರುಕದಿಂದ ಕೇಳಿದಳು.

"ಗಂಗಾವತಿ," ಎನ್ನಲು ನಾಚಿಕೆಯಾಗಿ, "ದೂರದವ್ನವಾ," ಎಂದ.

ಎರಡು ಗಂಟೆ ಎಂದೋ ಕಳೆದಿತ್ತು. ಮಾಲಕರ ಮನೆಯಲ್ಲಿ ಅವಲಕ್ಕಿ ಆರುತ್ತಿರಬಹುದು, ಹುಡುಗಿ ಸೀರೆ ಉಟ್ಟು ಕೂತಿರಬಹುದು, ಶೈಲಜಾ ತವರಿಗೆ ಹೋಗಲು ಬಟ್ಟೆ ತುಂಬುತ್ತಿರಬಹುದು. ಇದೆಲ್ಲ ಕಣ್ಣಿಗೆ ಕಟ್ಟಿದ್ದರಿಂದ ಎದುರಿನ ತಿರುವು ಕಣ್ಣಿಗೆ ಕಾಣಲಿಲ್ಲ. ಬೈಕು ಕಾಲುವೆಯ ದಂಡೆ ಇಳಿಯಿತು. ಅವನೂ ಅದರ ಜೊತೆಗೇ ಇಳಿದ.

ಕಾಲುವೆಯಲ್ಲಿ ಆಗಲೇ ಎಮ್ಮೆಗಳಿದ್ದವು. ಕುತ್ತಿಗೆಮಟ ನೀರಲ್ಲಿ ಕೂತು, ಹೊಸಬ ಬಂದದ್ದನ್ನು ಮೆಲುಕು ನಿಲ್ಲಿಸದೆ ನೋಡಿದವು. ಎಮ್ಮೆ ಕಾಯುವವನು ಹಗ್ಗ ತಂದು ಮೊದಲು ಬೈಕು ಎಳೆದ, ಆಮೇಲೆ ಇವನನ್ನು.

"ಗಾಡಿ ಹೊಡ್ಯಾಕ ಈಗ ಕಲ್ಯಾಕತ್ತೀರೇನ್ರಿ?" ಎಂದು ಕೇಳಿದ.

ನೀರು ಕುಡಿದ ಬೈಕನ್ನು ಒಂದಿಷ್ಟು ದೂರ ತಳ್ಳಿ, ಒಂದಿಷ್ಟು ದೂರ ಟ್ರ್ಯಾಕ್ಟರಿನ ಮೇಲೆ ಹೇರಿಸಿ ಅವನು ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಮನೆಯಿಂದ ನಗು ಕೇಳುತ್ತಿತ್ತು. ತವರಿಗೆ ಹೋದವರ ಮನೆಯ ನಗುವಲ್ಲ ಅದು.

ಒಳಗೆ ಕಲ್ಲೇಶ ಕೂತಿದ್ದ. ಮಡಿಲಲ್ಲಿ ದುರುಗೇಶ, ಹೆಗಲಿಗೆ ಗಂಗಾ, ಕೈಯಲ್ಲಿ ಪೇಢೆ. ಪಕ್ಕದಲ್ಲಿ ರಫೀ. ಮೂಲೆಯಲ್ಲಿ ಮುದಕಮ್ಮ, ಅವಳ ಕೈಯಲ್ಲೂ ಪೇಢೆ.

"ಎಲ್ಲಿ ಹೋಗಿದ್ರಿ ಮಾಮಾ?" ಎಂದ ಕಲ್ಲೇಶ, ಎದ್ದು ನಿಂತು.

ನಡೆದದ್ದು ಸರಳವಾಗಿತ್ತು. ಬಸ್ಸು ಕೆಟ್ಟು ನಿಂತಾಗ ಆ ದಾರಿಯಲ್ಲಿ ವಿರುಪಾಕ್ಷಪ್ಪನವರ ಕಾರು ಬಂತು. ಅಂಜಿಕೊಂಡು ನಿಂತ ಹುಡುಗನನ್ನು ಫೋಟೊದಲ್ಲಿ ನೋಡಿದ್ದ ಗುರುತು ಹಿಡಿದು ನೇರ ಸಿದ್ದಾಪುರಕ್ಕೆ ಕರೆದೊಯ್ದರು. ಹಿಂದಿನ ಸಲ ಹೆಣ್ಣು ನೋಡುವಾಗ ಗೆಳೆಯರು ಫೋನ್ ಮಾಡಿ ಮಾಡಿ ನಗಿಸಿ ಕೆಡಿಸಿದ್ದರಿಂದ ಕಲ್ಲೇಶ ಈ ಸಲ ಕುಷ್ಟಗಿಯಲ್ಲೇ ಸ್ವಿಚಾಫ್ ಮಾಡಿದ್ದ. ಮಾಲಕರೇ ಶೈಲಜಾಳಿಗೆ ಫೋನ್ ಮಾಡಿದರು. ಅವಳು ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ರಫೀಯ ಆಟೊದಲ್ಲಿ ಹೋದಳು. ಲಲಿತಾ ಕಲ್ಲೇಶನನ್ನು ಒಪ್ಪಿದಳು. ಎರಡಕ್ಕೆ ಬರೋಬ್ಬರಿ ಎಲ್ಲರೂ ಅಲ್ಲಿದ್ದರು, ಎರಡಕ್ಕೆ ಬರೋಬ್ಬರಿ ಎಂದವನೊಬ್ಬನನ್ನು ಬಿಟ್ಟು.

"ಮಾಲಕ್ರು ಕೇಳಿ ಕೇಳಿ ಸಾಕಾದ್ರು," ಎಂದಳು ಶೈಲಜಾ ಟವೆಲ್ ಕೊಡುತ್ತಾ. "ನಾಳಿ ಮುಂಜಾನಿ ಹೆಣ್ಣಿನ ಕಡಿ ಮಂದಿ ಕುಷ್ಟಗಿಗೆ ಮನಿ ನೋಡಾಕ ಹೊಂಟಾರ. ಮುಂದಿನ ಗಾಡ್ಯಾಗ ನೀವ ಕುಂತು ದಾರಿ ತೋರಸಬೇಕಂತ. ಇವತ್ತಿನದು ಅವರು ಮನಸಿನ್ಯಾಗ ಇಟ್ಕೊಂಡಾರ. ನಾಳಿ ತಪ್ಪಿದ್ರ ಸಂಬಂಧಾನೂ ಇಲ್ಲ, ಗಿರಣಿನೂ ಇಲ್ಲ, ತಿಳೀತಿಲ್ಲೋ?"

ಗವಿಸಿದ್ದೇಶ ಕೆಸರು ಒರೆಸಿಕೊಂಡ. ನಿಧಾನವಾಗಿ ಅವನಿಗೆ ಒಂದು ಸಂಗತಿ ಹೊಳೆದು ಎದೆ ಉಬ್ಬಿತು.

"ನೋಡ್ರಿ ಅಜ್ಜಿ," ಎಂದು ಮುದಕಮ್ಮನ ಕಡೆ ತಿರುಗಿದ. "ನಾ ಹಾಡಹಗಲ ಕತಿ ಹೇಳಿದೆ. ಸ್ವಾದರಮಾವ ಕಾರಿನ್ಯಾಗ ಕುಂತು ನೆಟ್ಟಗ ಹೋಗಿ ಮುಟ್ಯಾನ. ಇನ್ನರ ಮೂಢನಂಬಿಕೆ ಬಿಡ್ರಿ."

ಮುದಕಮ್ಮ ಪೇಢೆ ಚಪ್ಪರಿಸುತ್ತಾ ಕೂತಳು. ಅವಳು ಸೋತದ್ದನ್ನು ಓಣಿಯಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ.

ಅಷ್ಟರಲ್ಲಿ ಶೈಲಜಾ ಒದ್ದೆ ಪ್ಯಾಂಟಿನಿಂದ ಫೋನು ತೆಗೆದು, ಒರೆಸಿ, ತೂತಿನ ಹಿಟ್ಟನ್ನು ಪಿನ್ನಿನಿಂದ ಕೆದರಿ ಚಾರ್ಜಿಗೆ ಹಾಕಿದಳು. ನೀರು ಕುಡಿದ ಬೈಕಿಗಿಂತ ಗಟ್ಟಿಯಾದ ಅದು ಕಣ್ಣು ಬಿಟ್ಟದ್ದೇ ರಿಂಗಾಯಿತು. ಕಿವಿಯ ಕಡೆಯೂ ಹಿಟ್ಟು ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಬೇಕಾಯಿತು.

"ಅಣ್ಣಾ, ಎಲ್ಲಿದ್ದೀ? ಮಧ್ಯಾಹ್ನದಿಂದ ಫೋನ್ ಹಚ್ಚಾಕತ್ತೀನಿ." ಯಲಬುರ್ಗಾದ ಕಸ್ತೂರೆಮ್ಮ. "ನಿನ್ನ ಎಮ್ಮಿ ಕತಿ ಭಾಳ ಛಲೋ ಐತಪಾ. ಎರಡೂ ಊಟ ಒಲ್ಲೆ ಅಂತ ಕುಂತಿದ್ವು. ಹನ್ನೆರಡರ ಹೊತ್ತಿಗೆ ಕಿಡಕಿ ಮುಚ್ಚಿ, ನೀ ಹೇಳಿದಂಗ ಹೂಂಗುಟ್ಟಿಸಿ ಹೇಳಿದೆ ನೋಡು, ತಾಟು ಖಾಲಿ."



"ಹೌದಲ್ಲ," ಎಂದಳು ಮುದಕಮ್ಮ, ಬೆರಳು ನೆಕ್ಕುತ್ತಾ. "ಕಸ್ತೂರಿ ಮಕ್ಕಳಿಗೆ ಸ್ವಾದರಮಾವ ಯಾರಪಾ?"

ಗವಿಸಿದ್ದೇಶನ ಕೂದಲಲ್ಲಿ ಕಾಲುವೆಯ ಕೆಸರು ಇನ್ನೂ ಉಳಿದಿತ್ತು.

"ಪೂರಾ ಹೇಳಿದೇನು ಕಸ್ತೂರಿ?" ಎಂದು ಮೆಲ್ಲಗೆ ಕೇಳಿದ.

"ಇಲ್ಲೋ ಅಣ್ಣಾ. ಸೈಕಲ್ ಕಾಲುವಿಗೆ ಬೀಳೂತನಾ ಹೇಳಿದೆ, ಅಲ್ಲಿಗೆ ಊಟ ಮುಗೀತು. ಉಳಿದದ್ದು ನಾಳಿ ಮುಂಜಾನಿ ನಾಷ್ಟಾದ ಹೊತ್ತಿಗೆ ಹೇಳ್ತೀನಿ."

"ಬ್ಯಾಡವಾ. ಮುಂಜಾನಿ ಬ್ಯಾಡ. ಇವತ್ತ ರಾತ್ರಿನ ಹೇಳಿ ಮುಗಿಸಿಬಿಡು."

"ಈಗೆಲ್ಲಿ? ಎರಡೂ ಆಗಲೇ ಮಲಗ್ಯಾವ."

ಮಕ್ಕಳನ್ನು ಮಲಗಿಸುವ ಶಾಸ್ತ್ರವನ್ನು ಲೋಕಕ್ಕೆ ಕೊಟ್ಟ ಗವಿಸಿದ್ದೇಶ, ವಿಚಾರ ವೇದಿಕೆಯ ಕಾರ್ಯದರ್ಶಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಬ್ಬಿಸು," ಎಂದ. "ತಂಗಿ, ನಿನ್ನ ಕಾಲಿಗೆ ಬೀಳ್ತೀನಿ, ಎಬ್ಬಿಸವಾ."

ಮೂಲೆಯಿಂದ ಮುದಕಮ್ಮ, ಗೋಡೆಗೆ ಆರಾಮಾಗಿ ಒರಗಿಕೊಳ್ಳುತ್ತಾ, "ಹೂಂ," ಎಂದಳು.