ಚಕ್ರವರ್ತಿಗಳ ಗೈರುಹಾಜರಿ

ತಾನಿಲ್ಲದಿದ್ದರೆ ಈ ಮನೆ ಒಂದು ದಿನವೂ ನಡೆಯುವುದಿಲ್ಲ ಎಂಬುದು ಲಿಫ್ಟ್ ಸಾಹೇಬರ ದೃಢವಾದ ನಂಬಿಕೆ. ಒಂದೇ ಕೊರತೆ ಏನೆಂದರೆ, ಇದನ್ನು ಮನೆಯವರು ಯಾರೂ ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ.

ಸಾಹೇಬರ ಕೆಲಸ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ತಪಾಸಣೆ ಮಾಡುವುದು. ಬಾಗಿಲನ್ನು ಹತ್ತು ಸಲ ತೆಗೆದು ಮುಚ್ಚಿ, ಎಂಟು ಜನರ ತೂಕದ ಮರಳು ಮೂಟೆ ಹೇರಿಸಿ, ಮೇಲೆ ಕೆಳಗೆ ಓಡಿಸಿ, ಅಷ್ಟಾದ ಮೇಲೂ ಸ್ವಲ್ಪ ಅನುಮಾನ ಉಳಿಸಿಕೊಂಡೇ ಸಹಿ ಹಾಕುವುದು. ಇಪ್ಪತ್ತಾರು ವರ್ಷ ಅನುಮಾನಪಟ್ಟು ಸಂಬಳ ತೆಗೆದುಕೊಂಡ ಮನುಷ್ಯ, ಮನೆ ಹೊಸ್ತಿಲು ದಾಟಿದ ಕೂಡಲೇ ಎಲ್ಲರನ್ನೂ ನಂಬಿಬಿಡಲು ಆಗುತ್ತದೆಯೇ? ಹೆಂಡತಿ ಆರಿಸಿದ ಗ್ಯಾಸನ್ನು ಇವರು ಮತ್ತೊಮ್ಮೆ ಆರಿಸುತ್ತಾರೆ. ಮಗಳು ಹಾಕಿದ ಬೀಗವನ್ನು ಎರಡು ಸಲ ಜಗ್ಗುತ್ತಾರೆ. ಅತ್ತೆ (ಹೆಂಡತಿಯ ತಾಯಿ; ಐದು ವರ್ಷದಿಂದ ಇದೇ ಮನೆಯಲ್ಲಿದ್ದಾರೆ) ಮಾತ್ರೆ ನುಂಗಿದ ಮೇಲೆ ಖಾಲಿ ಪಟ್ಟಿಯನ್ನು ತಂದು ತೋರಿಸಬೇಕು.

ಇಂಥವರ ಕೈಗೆ ಮಗಳು ಒಂದು ಸಾಮ್ರಾಜ್ಯ ಕೊಟ್ಟಳು.

ಕಂಪ್ಯೂಟರಿನಲ್ಲಿ ಆಡುವ ಆಟ ಅದು. ಮೊದಲು ನಾಲ್ಕು ಗುಡಿಸಲು, ಆಮೇಲೆ ಊರು, ಆಮೇಲೆ ಕೋಟೆ, ದಂಡು, ದಂಡಯಾತ್ರೆ. "ಅವಸರ ಏನೂ ಇಲ್ಲಪ್ಪ," ಎಂದಳು ಮಗಳು. "ನಿನ್ನ ಆಜ್ಞೆಗಳನ್ನೆಲ್ಲ ಕೊಟ್ಟು ಮುಗಿಸಿ 'ಮುಂದಿನ ಸರದಿ' ಅಂತ ಒತ್ತಬೇಕು. ಆಗ ಬೇರೆ ರಾಜರು ತಮ್ಮ ಆಟ ಆಡ್ತಾರೆ, ಹತ್ತು ವರ್ಷ ಕಳೆಯುತ್ತೆ. ನೀನು ಒತ್ತೋವರೆಗೂ ಕಾಲ ನಿಂತಿರುತ್ತೆ."

ತಾನು ಅಪ್ಪಣೆ ಕೊಡುವವರೆಗೆ ಕಾಲವೂ ಕೈಕಟ್ಟಿ ನಿಲ್ಲುವ ಜಾಗವೊಂದು ಇದೆಯೆಂದು ತಿಳಿದು ಸಾಹೇಬರಿಗೆ ಕಣ್ಣು ತುಂಬಿ ಬಂತು. ಅವತ್ತಿನಿಂದ ಆಫೀಸು ಬಿಟ್ಟು ಬಂದವರು ಕೈಕಾಲು ತೊಳೆದು ನೇರ ಸಿಂಹಾಸನಕ್ಕೆ. (ಸಿಂಹಾಸನ ಎಂದರೆ ಹಜಾರದ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೊಂದು ದಿಂಬು.) ಆಫೀಸಿನ ಇ-ಮೇಲನ್ನೂ ಅದೇ ಕಂಪ್ಯೂಟರಿಗೆ ಹಾಕಿಸಿಕೊಂಡರು. ಇಲಾಖೆಯಿಂದ ಏನಾದರೂ ಬಂದರೆ ಪರದೆಯ ಮೂಲೆಯಲ್ಲಿ ಸಣ್ಣ ಚೌಕವೊಂದು ಮೂಡುತ್ತಿತ್ತು, ಅಲ್ಲೇ ಒತ್ತಿ ಉತ್ತರ ಕಳಿಸಬಹುದಿತ್ತು. ಚಕ್ರವರ್ತಿಗಳು ಸಿಂಹಾಸನದಿಂದ ಏಳುವ ಅಗತ್ಯವೇ ಇಲ್ಲ.

ಒಂದು ಸರದಿಗೆ ಒಂದು ಸಂಜೆ. ಪ್ರತಿ ಊರಿನ ಪ್ರತಿ ಬಾವಿಯನ್ನೂ ಇಣುಕಿ ನೋಡದೆ ಅವರು ಗುಂಡಿ ಒತ್ತಿದವರಲ್ಲ. ಮಗಳ ಸ್ನೇಹಿತರು ಇದೇ ಆಟದಲ್ಲಿ ನಾಲ್ಕೇ ದಿನಕ್ಕೆ ಚಂದ್ರನ ಮೇಲೆ ಬಾವುಟ ಊರಿದ್ದರೆ, ನಾಲ್ಕು ತಿಂಗಳಾದರೂ ಸಾಹೇಬರ ಪ್ರಜೆಗಳು ಎಣ್ಣೆ ದೀಪದಲ್ಲೇ ಇದ್ದರು. ಪರದೆಯ ಮೇಲ್ಗಡೆ 'ಪ್ರಜೆಗಳ ಸಂತೋಷ: ನೂರಕ್ಕೆ ಮೂವತ್ತೊಂದು' ಎಂದು ಬರುತ್ತಿತ್ತು.

"ಮಂತ್ರಿಗೆ ವಹಿಸಿಬಿಡಪ್ಪ. ಅವನೇ ಊರುಗಳನ್ನ ನೋಡ್ಕೋತಾನೆ," ಎಂದಳು ಮಗಳು.

"ಮಂತ್ರಿಗೆ ವಹಿಸಿ ನಾನೇನು ನೊಣ ಹೊಡೀಲಾ?"

ಪಕ್ಕದ ರಾಜ್ಯ ನೇರಳೆ ರಾಣಿಯದು. ಆಕೆ ಆಗಾಗ ಪರದೆಯ ಮೇಲೆ ಬಂದು, ನಕ್ಕು, ಸಂಧಿಗೆ ಕೈ ಚಾಚುತ್ತಿದ್ದಳು. ಹದಿನೇಳು ಸಲ ಚಾಚಿದ್ದಳು, ಹದಿನೇಳು ಸಲವೂ ಸಾಹೇಬರು ಒಲ್ಲೆ ಎಂದಿದ್ದರು. ಆ ನಗು ಅವರಿಗೆ ಸರಿಕಾಣಲಿಲ್ಲ. ಆಕೆಯ ನದಿಪಟ್ಟಣದ ಸುತ್ತ ಕಲ್ಲೆಸೆಯುವ ಯಂತ್ರ ಆರು ನಿಲ್ಲಿಸಿ, ಮೂರು ವಾರದಿಂದ ಮುಹೂರ್ತ ಹುಡುಕುತ್ತಿದ್ದರು.

ಅಷ್ಟರಲ್ಲಿ ಇಲಾಖೆಯಲ್ಲಿ ಒಂದು ಸುದ್ದಿ ಎದ್ದಿತು. ದೂರದ ಊರಿನ ಕಚೇರಿಗೆ ಆರು ತಿಂಗಳ ಮಟ್ಟಿಗೆ ಒಬ್ಬರು ಬೇಕಂತೆ, ಒಪ್ಪಿದವರು ಮಾತ್ರ ಹೋಗಬಹುದಂತೆ. ಸಾಹೇಬರಿಗೆ ಹೋಗುವ ಆಸೆ ಎಳ್ಳಷ್ಟೂ ಇರಲಿಲ್ಲ. ಆದರೆ ತಡೆಯಿಸಿಕೊಳ್ಳುವ ಆಸೆ ಬೆಟ್ಟದಷ್ಟಿತ್ತು. ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು ವಿಷಯ ಎತ್ತಿದರು.

"ಆರು ತಿಂಗಳು. ಹೋದರೂ ಹೋಗಬೇಕಾದೀತು."

ಹೆಂಡತಿ ಆಸ್ಪತ್ರೆಯ ಟೋಕನ್ ಕೌಂಟರಿನಲ್ಲಿ ಕೆಲಸ ಮಾಡುವಾಕೆ. ದಿನಕ್ಕೆ ಮುನ್ನೂರು ಜನರನ್ನು ಸಾಲಿನಲ್ಲಿ ನಿಲ್ಲಿಸಿ ಸಾಗಹಾಕುವವಳು, ಮಾತು ಚುಟುಕು. "ನಿಮ್ಮಿಷ್ಟ," ಎಂದಳು.

"ಅಂದರೆ, ಇಲ್ಲಿ ಎಲ್ಲ ಹೇಗೆ ಅಂತ..."

"ನಿಮಗೆ ಬೇಕಾದರೆ ಹೋಗಿ ಬನ್ನಿ. ಇನ್ನೊಂದು ಸ್ವಲ್ಪ ಬಡಿಸ್ಲಾ?"

ಚಕ್ರವರ್ತಿಗಳ ಮುಖ ಇಷ್ಟಾಯಿತು. ಇವರಿಗೆ ತನ್ನ ಬೆಲೆ ಗೊತ್ತಿಲ್ಲ, ಗೊತ್ತುಮಾಡಿಸಬೇಕು ಎಂದು ಅಲ್ಲೇ ತೀರ್ಮಾನಿಸಿದರು. ಅದಕ್ಕೆ ಸರಿಯಾಗಿ ಮರುವಾರವೇ ಆರು ದಿನದ ಪ್ರವಾಸ ಬಂತು, ಪಕ್ಕದ ಜಿಲ್ಲೆಯ ಲಿಫ್ಟುಗಳ ತಪಾಸಣೆ. ಆರು ದಿನ ಸಾಕು. ಹಿಂತಿರುಗುವಷ್ಟರಲ್ಲಿ ಮನೆ ಮುಗ್ಗರಿಸಿ ಬಿದ್ದಿರುತ್ತದೆ. ಮೂವರೂ ಬಾಗಿಲಲ್ಲೇ ನಿಂತು, ದಯವಿಟ್ಟು ಎಲ್ಲಿಗೂ ಹೋಗಬೇಡಿ ಅನ್ನುತ್ತಾರೆ. ತಾನು ದೊಡ್ಡ ಮನಸ್ಸು ಮಾಡಿ ಸೋಮವಾರ ಆ ಆರು ತಿಂಗಳನ್ನು ತ್ಯಾಗ ಮಾಡುವುದು.

ಹೊರಡುವ ಮುನ್ನ ನಲವತ್ಮೂರು ಸೂಚನೆಗಳ ಪಟ್ಟಿಯೊಂದನ್ನು ಫ್ರಿಜ್ಜಿಗೆ ಅಂಟಿಸಿದರು. ಪಂಪು ಎಷ್ಟು ಹೊತ್ತಿಗೆ ಹಾಕಬೇಕು ಎಂಬುದು ಮೊದಲನೆಯದು, ಹಾಕಿದ್ದನ್ನು ಆರಿಸಬೇಕು ಎಂಬುದು ಎರಡನೆಯದು. ಕಂಪ್ಯೂಟರಿಗೆ ಬೇರೆಯೇ ಚೀಟಿ: 'ಯುದ್ಧ ನಡೆಯುತ್ತಿದೆ. ಯಾರೂ ಕೈಯಿಂದ ಮುಟ್ಟಕೂಡದು.' ಆಟವನ್ನು ಮುಚ್ಚಲಿಲ್ಲ. ಮುಚ್ಚಿ ತೆಗೆದರೆ ಯಂತ್ರಗಳು ಜಾಗ ಬದಲಿಸಿಬಿಟ್ಟರೆ ಎಂಬ ಅನುಮಾನ.

ದಿನಕ್ಕೆರಡು ಸಲ ಫೋನು ಮಾಡಿದರು.

"ಪಂಪು?"

"ಸರಿಯಾಗಿದೆ."

"ಮತ್ತೆ, ಏನಾದರೂ ತೊಂದರೆ?"

"ಏನಿಲ್ಲ. ನೀವು ಊಟ ಮಾಡಿದ್ರಾ?"

ಪಾಪ, ಮುಚ್ಚಿಡುತ್ತಿದ್ದಾರೆ ಎಂದುಕೊಂಡರು ಸಾಹೇಬರು. ನಾಲ್ಕನೆಯ ದಿನ ಅವರಿಗೆ ಕನಿಕರವೂ ಬಂತು.

ಶನಿವಾರ ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಬಾಗಿಲು ತೆರೆದದ್ದೂ ಗೊತ್ತಾಗಲಿಲ್ಲ. ಎಂಟು ತಿಂಗಳಿಂದ ಇವರು 'ನೋಡೋಣ' ಎನ್ನುತ್ತಿದ್ದ ಕೀಲಿನ ಕಿರುಗುಟ್ಟುವ ಸದ್ದು ಮಾಯವಾಗಿತ್ತು. "ಎರಡು ತೊಟ್ಟು ಎಣ್ಣೆ ಬಿಟ್ಟೆ," ಎಂದಳು ಹೆಂಡತಿ. ಪಂಪಿಗೆ ತನ್ನಷ್ಟಕ್ಕೆ ಆರುವ ಸ್ವಿಚ್ಚು ಬಂದಿತ್ತು. ಅತ್ತೆ ಎಲ್ಲ ಮಾತ್ರೆಗಳನ್ನೂ ತಪ್ಪದೆ ನುಂಗಿದ್ದರು, ಸಾಕ್ಷಿ ಇಲ್ಲದೆ. ಫ್ರಿಜ್ಜಿನ ಪಟ್ಟಿಯ ಹಿಂಬದಿಯಲ್ಲಿ ಯಾರೋ ತರಕಾರಿ ಹೆಸರು ಬರೆದುಕೊಂಡಿದ್ದರು.

ಇರಲಿ, ತನ್ನದೇ ರಾಜ್ಯವೊಂದಾದರೂ ಇದೆಯಲ್ಲ ಎಂದು ಸಾಹೇಬರು ಸಿಂಹಾಸನದಲ್ಲಿ ಕೂತರು. ಕೂತವರು ಹಾಗೇ ಎದ್ದು ನಿಂತರು.

ಪರದೆಯ ಮೇಲೆ ರೈಲು ಓಡುತ್ತಿತ್ತು. ಊರೂರಿಗೆ ವಿದ್ಯುತ್ತು, ಆಸ್ಪತ್ರೆ, ಆರು ಹೊಸ ಬಂದರು. ನದಿಪಟ್ಟಣಕ್ಕೂ ರಾಜಧಾನಿಗೂ ನಡುವೆ ಸೇತುವೆ. ಕಲ್ಲೆಸೆಯುವ ಯಂತ್ರಗಳಿದ್ದ ಕಡೆ ಉದ್ಯಾನವನ, ಅದರ ನಡುವೆ ಒಂದು ಪ್ರತಿಮೆ. ಪ್ರಜೆಗಳ ಸಂತೋಷ ನೂರಕ್ಕೆ ತೊಂಬತ್ನಾಲ್ಕು.

"ಯಾರು ಮಾಡಿದ್ದು ಇದನ್ನ?"

"ನಾನೇ," ಎಂದರು ಅತ್ತೆ ಅಡುಗೆಮನೆ ಬಾಗಿಲಿಂದ, ಧೂಳು ಒರೆಸುವ ಬಟ್ಟೆ ಕೈಯಲ್ಲೇ ಇತ್ತು. "ಕೈಯಿಂದ ಮುಟ್ಟಕೂಡದು ಅಂತ ಬರೆದಿದ್ರಲ್ಲ ಅಳಿಯಂದ್ರೇ, ನಾನು ಬಟ್ಟೆಯಿಂದ ಒರೆಸಿದೆ. ಒರೆಸುವಾಗ ದೊಡ್ಡ ಗುಂಡಿ ಒತ್ತಿಹೋಯ್ತು. 'ಅರಸರ ಆಜ್ಞೆ ಬಂದಿಲ್ಲ, ಮಂತ್ರಿಗೆ ವಹಿಸಲೇ?' ಅಂತ ಕೇಳ್ತು. ಅಷ್ಟು ಮರ್ಯಾದೆಯಾಗಿ ಕೇಳಿದ ಮೇಲೆ ಸುಮ್ಮನಿರೋದು ಹೇಗೆ, ಹೂಂ ಅಂದೆ. ಆಮೇಲೆ ಆ ನೇರಳೆ ಬಟ್ಟೆಯವಳು ಬಂದು ಕೈ ಚಾಚಿಕೊಂಡು ನಿಂತಳು. ಎಷ್ಟು ಹೊತ್ತು ಅಂತ ನಿಲ್ಲಿಸೋದು ಪಾಪ, ಅದಕ್ಕೂ ಹೂಂ ಅಂದೆ. ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ಒರೆಸ್ತಿದ್ದೆ. ಒರೆಸಿದಾಗೆಲ್ಲ ಏನಾದರೊಂದು ಒಳ್ಳೇದೇ ಆಗ್ತಿತ್ತು."

ಮಗಳು ಬಗ್ಗಿ ಪ್ರತಿಮೆಯ ಕೆಳಗಿದ್ದುದನ್ನು ಓದಿದಳು: "'ತೊಂದರೆ ಕೊಡದ ನಮ್ಮ ಪ್ರೀತಿಯ ಚಕ್ರವರ್ತಿಗೆ, ಪ್ರಜೆಗಳಿಂದ.' ಅಪ್ಪಾ, ಇದು ನೀನೇ."

ಸಾಹೇಬರಿಗೆ ನಿಜಕ್ಕೂ ನೋವಾಯಿತು. ಊಟಕ್ಕೆ ಕೂತಾಗ, ಉಳಿದ ಮಾನವನ್ನೆಲ್ಲ ಒಟ್ಟುಗೂಡಿಸಿಕೊಂಡು, "ಆ ಆರು ತಿಂಗಳ ಕೆಲಸ ನನಗೆ ಬೇಡ ಅಂತ ಸೋಮವಾರ ಬರೆದುಕೊಡ್ತೀನಿ. ನಿಮ್ಮಗಳ ಸಲುವಾಗಿ," ಎಂದರು. ಮೂವರೂ ತಲೆಯಾಡಿಸಿದರು. ಯಾರೂ ಅಳಲಿಲ್ಲ.

ಸೋಮವಾರ ಪತ್ರ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದರೆ, ಆತ ಕುರ್ಚಿಯಿಂದ ಎದ್ದು ಬಂದು ಕೈಕುಲುಕಿದ. "ನಿಮ್ಮನ್ನು ನೋಡಿ ಬೇರೆಯವರು ಕಲೀಬೇಕು ರೀ. ಗುರುವಾರ ಮಧ್ಯಾಹ್ನ 'ಒಪ್ಪಿಗೆಯೇ?' ಅಂತ ಎಲ್ಲರಿಗೂ ಕಳಿಸಿದೆ. ಎಲ್ಲರೂ ನೆಪ ಹೇಳಿದ್ರು. ನೀವೊಬ್ಬರೇ ಕಳಿಸಿದ ನಿಮಿಷಕ್ಕೆ ಹೌದು ಅಂದಿದ್ದು. ಆದೇಶ ಆಗಿಹೋಯ್ತು, ಬುಧವಾರ ಹೊರಡಿ."

ಕೈಯಲ್ಲಿದ್ದ ಪತ್ರ ಕೈಯಲ್ಲೇ ಉಳಿಯಿತು. ಸಾಹೇಬರು ಮನೆಗೆ ಬಂದವರೇ ಅತ್ತೆಯ ಎದುರು ನಿಂತರು.

"ಗುರುವಾರ ಮೂಲೇಲಿ ಸಣ್ಣದೊಂದು ಚೌಕ ಬಂದಿತ್ತಾ ಅತ್ತೆ?"

"ಬಂದಿತ್ತು. 'ಒಪ್ಪಿಗೆಯೇ?' ಅಂತ ಕೇಳಿದ್ರು," ಅತ್ತೆ ನೆನಪು ಮಾಡಿಕೊಂಡರು. "ಹೂಂ ಅಂದೆ. ಯಾಕೆ, ಅದೂ ರಾಣಿ ಕಡೆಯವರೇ ಅಲ್ವಾ?"

ಹೆಂಡತಿ ನಕ್ಕಳು. ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

"ಈಗ ನಗು," ಎಂದರು ಸಾಹೇಬರು. "ಹೋಗಬೇಡಿ ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀವು ಕೇಳಿದ್ರಾ? ಹೋಗಬೇಕಾದೀತು ಅಂತ ನಮ್ಮ ಮುಂದೆ ಸಾರಿದ್ರಿ. ಒಪ್ಪಿಗೆಯಾ ಅಂತ ಆ ಡಬ್ಬ ಅಮ್ಮನ್ನ ಕೇಳ್ತು. ಇಪ್ಪತ್ತು ವರ್ಷದಲ್ಲಿ ನೀವು ನನ್ನ ಒಂದು ಸಲ ಕೇಳಿದೀರಾ? ಕೇಳಿದ್ದರೆ ಬೇಡ ಅಂತಿದ್ದೆ."

ಸಾಹೇಬರು, ಇದೊಂದು ಸರದಿಯನ್ನು ವಾಪಸ್ಸು ಪಡೆಯಲು ಏನಾದರೂ ಗುಂಡಿ ಇದೆಯೇ ಎಂಬಂತೆ ಮಗಳ ಕಡೆ ನೋಡಿದರು. ಮಗಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ, "ಅಪ್ಪಾ, ಕಂಪ್ಯೂಟರ್ ಇಲ್ಲೇ ಬಿಟ್ಟು ಹೋಗ್ತೀಯ ತಾನೆ? ಅಜ್ಜಿ ಚಂದ್ರನ ಹತ್ತಿರ ಬಂದಿದ್ದಾರೆ," ಎಂದಳು.

ಬುಧವಾರ ಚಕ್ರವರ್ತಿಗಳು ಎರಡು ಸೂಟ್‌ಕೇಸಿನೊಂದಿಗೆ ಗಡಿಪಾರಾದರು. ಈಗಲೂ ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ಪಂಪಿನ ಸುದ್ದಿ ಎತ್ತುವುದಿಲ್ಲ. "ನಾನು ಇಲ್ಲಿ ಕೋಣೆ ಬದಲಾಯಿಸಲಾ, ನೀನೇನಂತೀಯ?" ಎಂದು ಹೆಂಡತಿಯನ್ನು ಕೇಳುತ್ತಾರೆ, ಅವಳು ಹೂಂ ಎನ್ನುವವರೆಗೆ ಕಾಯುತ್ತಾರೆ. ಕೊನೆಗೆ ಫೋನನ್ನು ಅತ್ತೆಯ ಕೈಗೆ ಕೊಡಲು ಹೇಳುತ್ತಾರೆ.

"ಎಲ್ಲ ಸರಿಯಾಗಿದೆಯಾ ಅತ್ತೆ, ಅಲ್ಲಿ, ರಾಜ್ಯದಲ್ಲಿ?"

"ನಿಮಗೆ ಯಾವ ಯೋಚನೆಯೂ ಬೇಡ ಅಳಿಯಂದ್ರೇ," ಎನ್ನುತ್ತಾರೆ ಅತ್ತೆ. "ನಿಮ್ಮ ಪ್ರತಿಮೆ ಮೇಲೆ ದಿನಾ ಬಟ್ಟೆ ಆಡಿಸ್ತೀನಿ. ಒಂದು ಚೂರು ಧೂಳು ಕೂರೋಕೆ ಬಿಟ್ಟಿಲ್ಲ."