ಘಾಟಬೋರಾಳದಲ್ಲಿ ಬಿಟ್ಟುಹೋದ ಒಂದು ಶನಿವಾರದ ಬಗ್ಗೆ

ಬೇಸಿಗೆಯ ವಿದೇಶ ಪ್ರವಾಸ ಮತ್ತು ಸಮಾಜಸೇವೆಗಾಗಿ ಯಹೂದಿ ಹದಿಹರೆಯದವರಿಗೆ ಫೆಲೋಶಿಪ್ ನೀಡುವ ಅಮೆರಿಕದ ಪ್ರತಿಷ್ಠಾನದ ಮಾನ್ಯ ಅಧ್ಯಕ್ಷರಿಗೂ, ಆಯ್ಕೆ ಸಮಿತಿಯ ಸಮಸ್ತ ಸದಸ್ಯರಿಗೂ,

ಮಾನ್ಯರೇ,

ಹುಮನಾಬಾದ ತಾಲ್ಲೂಕಿನ ಘಾಟಬೋರಾಳದಿಂದ, ಎಂಟು ಎಕರೆ ತೊಗರಿಯ ಒಡೆಯನೂ ಹುಮನಾಬಾದಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನೂ ಆದ ಮಾರುತಿ ಮಾಡುವ ಅನಂತ ವಂದನೆಗಳು. ಸಮುದ್ರದಾಚೆಯ ತಮ್ಮ ಕಚೇರಿಯಲ್ಲಿ ಸರ್ವರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಮಳೆ ಚೆನ್ನಾಗಿದೆ. ತೊಗರಿ ಮೊಣಕಾಲೆತ್ತರ ಬಂದಿದೆ, ಹುಲ್ಲು ಅದಕ್ಕಿಂತ ನಾಲ್ಕು ಬೆರಳು ಮೇಲಿದೆ. ಆ ನಾಲ್ಕು ಬೆರಳಿನ ಸಲುವಾಗಿಯೇ ಈ ಬಹಿರಂಗ ಪತ್ರ ಬರೆಯಬೇಕಾಗಿ ಬಂದಿದೆ.

ತಾವು ಆರಿಸಿ ಕಳುಹಿಸಿದ ಆರು ಮಂದಿ ಜೂನ್ ಕೊನೆಗೆ ನಮ್ಮ ಊರಿಗೆ ಬಂದರು. ಎಲ್ಲರೂ ಹದಿನಾರು, ಹದಿನೇಳರ ವಯಸ್ಸಿನವರು. ಎರಡು ವರ್ಷದ ಹಿಂದೆ ತಮ್ಮ ಒಂದು ಇ-ಮೇಲಿಗೆ ನಾನು ಹೆಚ್ಚು ಯೋಚಿಸದೆ ಉತ್ತರಿಸಿದ್ದರಿಂದ ಅವರ ವಸತಿ ನನ್ನ ಮನೆಯ ಮುಂಭಾಗದಲ್ಲೇ ಆಯಿತು. ದುಭಾಷಿಯಾಗಿ ಪೂನಂ ಸಿಕ್ಕಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ನನ್ನ ಹೊಲಕ್ಕೆ ಕಳೆ ತೆಗೆಯಲು ಬರುವ ಹತ್ತು ಹೆಂಗಸರ ಗುಂಪಿನ ಮುಖ್ಯಸ್ಥೆ ಅಂಬುಬಾಯಿಯ ಮೊಮ್ಮಗಳು. ತಮ್ಮ ಮಾಹಿತಿಪತ್ರದಲ್ಲಿ ಕಂಡ ಸೇವೆಗಳೆಲ್ಲ ಸಕಾಲದಲ್ಲಿ ನೆರವೇರಿದವು. ಶಾಲೆಯ ಗೋಡೆಗೆ ಬಣ್ಣವಾಯಿತು. ಗೊಬ್ಬರದ ಗುಂಡಿಯನ್ನು ಎಷ್ಟು ಶ್ರದ್ಧೆಯಿಂದ ತೋಡಿದರೆಂದರೆ ಮೊದಲ ಮಳೆಗೇ ಅದು ತುಂಬಿ, ಪಕ್ಕದ ಮನೆಯ ಎಮ್ಮೆ ಅದರೊಳಗಿಳಿದು, ಈಗ ಕರೆದರೂ ಮನೆಗೆ ಹೋಗಲು ಒಪ್ಪುತ್ತಿಲ್ಲ. ಮುಂಜಾನೆಯ ಹೊತ್ತು ಅವರು ಹೆಂಗಸರ ಜೊತೆ ಹೊಲಕ್ಕೂ ಹೋದರು. ಮೊದಲ ದಿನ ತಾಲಿಯಾ ಎಂಬ ಹುಡುಗಿ ಅತ್ಯಂತ ಹುರುಪಿನಿಂದ ಕಿತ್ತದ್ದು ತೊಗರಿಯನ್ನೇ. ಅಂಬುಬಾಯಿ ಅವಳ ಕೈ ಹಿಡಿದು, ‘ಏ ತಂಗಿ, ಅದು ನಮ್ಮ ಅನ್ನ ಅದ. ಅದರ ಬಾಜೂಕಿಂದು ಕೀಳು’ ಎಂದು ಕಲಿಸಿದಳು. ಇವು ಯಾವುವೂ ನನ್ನ ದೂರಲ್ಲ. ಸೇವೆ ಮಾಡಲು ಬಂದವರಿಂದ ಇಷ್ಟು ಹಾನಿಯನ್ನು ಯಾವ ಊರಾದರೂ ನಿರೀಕ್ಷಿಸಿರುತ್ತದೆ.

ನನ್ನ ದೂರು ಅವರ ಸಾಮಾನಿನ ಬಗ್ಗೆ. ಚೀಲಗಳನ್ನು ಇಳಿಸಿಕೊಂಡವನು ನಾನೇ. ಸೊಳ್ಳೆಯ ಎಣ್ಣೆ, ಕೊಡೆ, ಮಳೆಯ ಬೂಟು, ಎರಡು ಮೇಣದಬತ್ತಿ ಎಲ್ಲವೂ ಕಂಡವು. ಅವುಗಳ ನಡುವೆ ಒಂದು ಶನಿವಾರವನ್ನೂ ಮಡಚಿ ಇಟ್ಟಿದ್ದಾರೆಂದು ಯಾವ ಕಾಗದದಲ್ಲೂ ಇರಲಿಲ್ಲ.

ಮೊದಲ ಶುಕ್ರವಾರ ಹೊತ್ತು ಮುಳುಗುವ ಮೊದಲು ಅವರು ಆ ಎರಡು ಬತ್ತಿಗಳನ್ನು ಹಚ್ಚಿ, ಮೆಲುದನಿಯಲ್ಲಿ ಏನನ್ನೋ ಹಾಡಿ, ಇನ್ನು ನಾಳೆ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ತಾವು ಯಾವ ಕೆಲಸವನ್ನೂ ಮಾಡುವುದಿಲ್ಲ, ಬೆಂಕಿ ಹೊತ್ತಿಸುವುದಿಲ್ಲ, ಫೋನು ಮುಟ್ಟುವುದಿಲ್ಲ ಎಂದು ತಿಳಿಸಿದರು. ನನ್ನ ಹೆಂಡತಿ ಯಶೋದಾಬಾಯಿ ಪೂನಂಳನ್ನು ಪಕ್ಕಕ್ಕೆ ಕರೆದು ವಿಚಾರಿಸಿದಳು.

‘ಅಡಗಿನೂ ಮಾಡಂಗಿಲ್ಲಂತೇನ?’

‘ಇಲ್ಲಂತ್ರಿ ಕಾಕು. ಮುಂಚೇನೇ ಮಾಡಿ ಇಡ್ತಾರಂತ.’

‘ಹೆಣ್ಮಕ್ಕಳಿಗೂ ಇದೇ ಕಾಯಿದೆ ಏನ?’

‘ಹೆಣ್ಮಕ್ಕಳಿಗೂ ಇದೇ ಅಂತ್ರಿ.’

ಯಶೋದಾಬಾಯಿ ಒಳಗೆ ಹೋಗಿ ರೊಟ್ಟಿಯ ಬುಟ್ಟಿಯನ್ನೂ ಒಲೆಯನ್ನೂ ಒಮ್ಮೆ ನೋಡಿದಳು. ಆ ನೋಟವನ್ನು ನಾನು ಆಗಲೇ ಓದಬೇಕಿತ್ತು. ಆದರೆ ನಾನು ಇತಿಹಾಸದ ಮೇಷ್ಟರು, ಸಂಗತಿಗಳು ನಡೆದು ಮುಗಿದು ಇಸವಿ ಬಿದ್ದ ಮೇಲಷ್ಟೇ ನನಗೆ ಅರ್ಥವಾಗುವುದು. ಮರುದಿನ ಮಕ್ಕಳು ಹಿಂದಿನ ದಿನ ಬೇಯಿಸಿಟ್ಟ ಕಡಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದು, ಇಂಥ ದಿನಕ್ಕೆಂದೇ ಈ ರೊಟ್ಟಿಯನ್ನು ಯಾರೋ ಕಂಡುಹಿಡಿದಿದ್ದಾರೆ ಎಂದು ಕೊಂಡಾಡಿದರು. ಅಂದಿನಿಂದ ನನ್ನ ಮನೆಯಲ್ಲಿ ಶನಿವಾರ ಒಲೆ ಹೊತ್ತಿಲ್ಲ.

ಎರಡನೆಯ ಶನಿವಾರ ಸಂಗತಿ ಮನೆಯ ಹೊಸಿಲು ದಾಟಿತು. ಅಂಬುಬಾಯಿಯವರ ಓಣಿಯ ಬಾಯಿಗೆ ಬುದ್ಧವಿಹಾರವಿದೆ, ಊರಿನಲ್ಲಿ ಅದರ ಪಡಸಾಲೆಯಷ್ಟು ತಂಪಾದ ಜಾಗ ಬೇರೆ ಇಲ್ಲ. ಅಲ್ಲಿ ಆರೂ ಮಂದಿ ಕಾಲು ಚಾಚಿ ಕುಳಿತಿದ್ದರು. ಕಳೆ ತೆಗೆಯುವ ಕುರ್ಪಿಗಳಿಗೆ ಹಿಡಿ ಹಾಕಿಸಿಕೊಂಡು ಹೊಲಕ್ಕೆ ಹೊರಟಿದ್ದ ಹೆಂಗಸರು ಅವರನ್ನು ನೋಡಿ ನಿಂತರು.

‘ಯಾಕವ್ವ, ಮೈಯಾಗ ಆರಾಮಿಲ್ಲೇನು?’ ಎಂದು ಅಂಬುಬಾಯಿ ಕೇಳಿದಳು.

ತಾಲಿಯಾ ತನ್ನವರ ಕಟ್ಟಳೆಯನ್ನು ವಿವರಿಸಿದಳು. ಈ ದಿನ ಮನೆಯ ಒಡೆಯ ಕೂಡ ದುಡಿಯಬಾರದು, ಅವನ ಆಳು ಕೂಡ, ಎತ್ತು ಕೂಡ, ಊರೊಳಗೆ ಬಂದಿರುವ ಪರದೇಶಿ ಕೂಡ. ಪೂನಂ ಅದನ್ನು ಒಂದೂ ಬಿಡದೆ ಕನ್ನಡಕ್ಕೆ ತಂದಳು, ನನ್ನ ಪರೀಕ್ಷೆಗಳಲ್ಲಿ ಅವಳು ಇಷ್ಟು ಪೂರ್ಣವಾದ ಉತ್ತರ ಬರೆದದ್ದು ನನಗೆ ನೆನಪಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾಕೆಂದರೆ, ಮಾನ್ಯರೇ, ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನನ್ನ ಅಜ್ಜನ ಅಜ್ಜನ ಕಾಲದಿಂದಲೂ ಇಟ್ಟಿಲ್ಲ. ಅಂಬುಬಾಯಿ ಬುಟ್ಟಿ ಕೆಳಗಿಟ್ಟು ಸಾವಕಾಶವಾಗಿ ಹೇಳಿದಳು:

‘ಎತ್ತಿಗೆ ಸೋಮಾರ ಅದ. ನಮ್ಮ ಮಾಲಕ್ರಿಗೆ ಕಾಲೇಜಿಂದು ಐತಾರ ಅದ. ನಲವತ್ತು ವರ್ಷ ಆಯ್ತು ಕಸ ಕೀಳಾಕತ್ತೇನಿ, ನನ್ನ ವಾರ ಯಾವುದು ಕೇಳ ಪೂನಂ ಆ ಹುಡುಗೀಗಿ.’

ಪೂನಂ ಅದನ್ನು ಇಂಗ್ಲಿಷಿಗೆ ತರಲಿಲ್ಲ, ತರುವ ಅಗತ್ಯವೂ ಇರಲಿಲ್ಲ. ಹೆಂಗಸರು ತಡವಾದದ್ದೇಕೆಂದು ನೋಡಲು ಬಂದು ಬೇವಿನ ಮರದ ಮರೆಗೆ ನಿಂತಿದ್ದ ನನಗೂ ಅದು ಅರ್ಥವಾಯಿತು. ಆ ದಿನ ಅವರು ಹೊಲಕ್ಕೆ ಬಂದರು ನಿಜ. ಆದರೆ ಯಾರೂ ಹಾಡು ಹೇಳಲಿಲ್ಲ.

ಈ ಸೋಂಕನ್ನು ತಡೆಯಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆನೆಂಬುದನ್ನು ಸಮಿತಿ ಗಮನಿಸಬೇಕು. ಮುಂದಿನ ಬುಧವಾರ ಮಕ್ಕಳನ್ನು ಬಸವಕಲ್ಯಾಣಕ್ಕೆ ಕರೆದೊಯ್ದು, ಕೋಟೆ ತೋರಿಸಿ, ಹನ್ನೆರಡನೆಯ ಶತಮಾನದಲ್ಲಿ ಅದೇ ಊರಿನಲ್ಲಿ ಅಗಸರು, ಅಂಬಿಗರು, ಹಗ್ಗ ಹೊಸೆಯುವವರು ತಮ್ಮ ತಮ್ಮ ಕಾಯಕವನ್ನು ಹೇಗೆ ಪೂಜೆಯ ಎತ್ತರಕ್ಕೆ ಏರಿಸಿದರೆಂದು ಅರ್ಧ ತಾಸು ವಿವರಿಸಿದೆ. ನಾನು ಅಷ್ಟು ಚೆನ್ನಾಗಿ ತರಗತಿಯಲ್ಲಿ ಎಂದೂ ಮಾತಾಡಿಲ್ಲ. ತಾಲಿಯಾ ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡು, ಕೊನೆಗೆ ಬಹಳ ವಿನಯದಿಂದ, ಅವರು ವಾರದ ಯಾವ ದಿನ ಸುಮ್ಮನೆ ಕೂರುತ್ತಿದ್ದರು ಎಂದು ಕೇಳಿದಳು. ಇಪ್ಪತ್ತಾರು ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ, ಈ ಪ್ರಶ್ನೆ ಪಠ್ಯಕ್ರಮದಲ್ಲಿಲ್ಲ. ಗ್ರಂಥಗಳನ್ನು ನೋಡಿ ಹೇಳಬೇಕಾಗುತ್ತದೆ ಎಂದೆ. ಸರ್‌ಗೆ ಗೊತ್ತಿಲ್ಲವಂತೆ ಎಂದು ಪೂನಂ ಇಂಗ್ಲಿಷಿನಲ್ಲಿ ಹೇಳಿದಳು. ಕಚೇರಿಗೆ ಪತ್ರ ಬರೆಯುವಷ್ಟು ಇಂಗ್ಲಿಷ್ ನನಗೆ ಬರದಿದ್ದರೂ ಅಷ್ಟು ತಿಳಿಯುತ್ತದೆ.

ಮೂರನೆಯ ಶನಿವಾರ ಹೊಲಕ್ಕೆ ಯಾರೂ ಬರಲಿಲ್ಲ. ಕರೆಯಲು ನಾನೇ ವಿಹಾರದ ತನಕ ಹೋದೆ. ನನ್ನ ಮನೆಯಿಂದ ಅದು ಎರಡು ನಿಮಿಷದ ದಾರಿ, ಆದರೂ ಈ ಐವತ್ತೆರಡು ವರ್ಷಗಳಲ್ಲಿ ಅದರ ಮೆಟ್ಟಿಲು ಹತ್ತಿದವನಲ್ಲ. ಕಾರಣವನ್ನು ತಮಗೆ ವಿವರಿಸುವುದು ಕಷ್ಟ, ನಮ್ಮೂರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಜಿನುಗುವ ಮಳೆಯಲ್ಲಿ ಕೆಳಗೇ ನಿಂತೆ. ಮೇಲೆ ಹತ್ತು ಹೆಂಗಸರೂ ಆರು ಮಕ್ಕಳೂ ಗೋಡೆಗೊರಗಿ ಏನೂ ಮಾಡದೆ ಕುಳಿತಿದ್ದರು.

‘ಮಳ್ಯಾಗ ಯಾಕ ನಿಂತೀರಿ ಮಾಲಕ್ರ? ಮ್ಯಾಲ ಬರ್ರಿ, ಕೂಡ್ರಿ’ ಎಂದಳು ಅಂಬುಬಾಯಿ. ‘ಇವತ್ತೊಂದಿನ ಇಲ್ಲಿ ಯಾರೂ ಮಾಲಕರಿಲ್ಲ, ಅಂಜಬ್ಯಾಡ್ರಿ.’

ಹತ್ತಿ ಕುಳಿತೆ. ಒಂದು ತಾಸು. ಮೊದಲರ್ಧ ಬಹಳ ಉದ್ದವಾಗಿತ್ತು, ಉಳಿದರ್ಧ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇದನ್ನು ದೂರಿನಲ್ಲಿ ಸೇರಿಸಬೇಕೋ ಬಿಡಬೇಕೋ ನಿಶ್ಚಯವಾಗದೆ ಸೇರಿಸಿದ್ದೇನೆ.

ಇನ್ನು ನಕ್ಷತ್ರಗಳ ವಿಷಯ. ತಮ್ಮ ಮಕ್ಕಳ ಬಳಿ ಪ್ರತಿ ಶನಿವಾರ ಎಷ್ಟು ಗಂಟೆಗೆ ದಿನ ಮುಗಿಯುತ್ತದೆಂದು ಅಚ್ಚು ಹಾಕಿದ ಹಾಳೆ ಇತ್ತು. ಆ ಹಾಳೆಯನ್ನು ಹೆಂಗಸರಿಗೆ ಯಾರೂ ಕೊಡಲಿಲ್ಲ, ಅವರಿಗೆ ಕೊಟ್ಟದ್ದು ಮೂರು ನಕ್ಷತ್ರದ ಕಟ್ಟಳೆಯನ್ನು ಮಾತ್ರ. ಆಷಾಢದ ಆಕಾಶದಲ್ಲಿ, ಮಾನ್ಯರೇ! ಆ ಶನಿವಾರ ಮುಗಿದದ್ದು ಮಂಗಳವಾರ ಸಂಜೆ. ‘ಚಿಕ್ಕಿ ಕಾಣಲಿಲ್ರಿ ಮಾಲಕ್ರ. ಧರಮದ ಮಾತದ, ಸುಳ್ಳ ಹ್ಯಾಂಗ ಹೇಳೂಣು?’ ಎಂದು ಅಂಬುಬಾಯಿ ಕೈ ಮುಗಿದಳು. ಭಾನುವಾರವೇ ಮೂರು ಕಂಡಿದ್ದವು ಎಂದು ಅವಳ ಗುಂಪಿನ ದ್ರೌಪತಿ ಒಪ್ಪಿಕೊಂಡಳು, ಆದರೆ ಅವುಗಳಲ್ಲಿ ಒಂದು ಹೈದರಾಬಾದಿನ ಕಡೆಗೆ ಸರಿಯತೊಡಗಿದ್ದರಿಂದ ಅದು ವಿಮಾನವೆಂದು ತೀರ್ಮಾನವಾಯಿತಂತೆ.

ಜುಲೈ ಕೊನೆಗೆ ಮಕ್ಕಳು ಹೊರಟರು. ಹೆಂಗಸರು ಅತ್ತರು, ತಾಲಿಯಾ ಅತ್ತಳು, ಎಮ್ಮೆ ಗುಂಡಿಯಿಂದ ತಲೆಯೆತ್ತಿ ನೋಡಿತು. ಶನಿವಾರವೂ ಅವರೊಂದಿಗೇ ಹೊರಡುತ್ತದೆಂದು ನಾನು ತಿಳಿದಿದ್ದೆ. ಅದು ಉಳಿಯಿತು. ನಮ್ಮೂರಿನ ಇಪ್ಪತ್ತು ಎಕರೆಯ ರೈತ ಅಜೀತ, ನಿರ್ಣಾ ಎಂಬ ಊರಿನಿಂದ ಟೆಂಪೊದಲ್ಲಿ ಬೇರೆ ಹೆಂಗಸರನ್ನು ತರಿಸಿದ. ಅವರು ನಮ್ಮೂರಿನ ಬಾವಿಯ ಹತ್ತಿರ ನೀರು ಕುಡಿಯಲು ನಿಂತದ್ದೇ ತಪ್ಪಾಯಿತು, ಮುಂದಿನ ಶನಿವಾರ ನಿರ್ಣಾದಿಂದ ಟೆಂಪೊ ಖಾಲಿ ಬಂತು.

ಆಗ ರೈತರ ಸಭೆ ಸೇರಿತು. ‘ಸರ್, ಬ್ಯಾನಿ ಹುಟ್ಟಿದ್ದು ನಿಮ್ಮ ಮನ್ಯಾಗ, ದವಾ ನೀವೇ ತರ್ರಿ’ ಎಂದ ಅಜೀತ. ಶನಿವಾರವು ಆ ಆರು ಫೆಲೋಗಳ ಸ್ವಂತ ಬಳಕೆಗೆ ಮಾತ್ರ ಸಂಬಂಧಿಸಿದ್ದೆಂದು ತಮ್ಮಿಂದ ಲಿಖಿತ ಸ್ಪಷ್ಟೀಕರಣ ತರಿಸಬೇಕು, ಅದು ಬರುವ ತನಕ ಈಗ ನಡೆದಂತೆ ನಡೆಯಲಿ, ಬಂದ ದಿನದಿಂದ ಶನಿವಾರ ಬಾರದವಳನ್ನು ಬೇರೆ ಯಾವ ದಿನವೂ ಯಾರೂ ಕರೆಯಬಾರದು ಎಂದು ನಿರ್ಣಯವಾಯಿತು. ಹೀಗೆ ಹತ್ತು ಹೆಂಗಸರ ಒಂದು ದಿನ ಈಗ ತಮ್ಮ ಮೇಜಿನ ಮೇಲೆ ಬರುತ್ತಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮೇಲಿನ ಸ್ಪಷ್ಟೀಕರಣವನ್ನು ಮೊಹರು ಹಾಕಿ ಕಳುಹಿಸಬೇಕು. ಅದರಲ್ಲಿ ಎತ್ತಿಗೆ ಇರುವುದು ಅಂಬುಬಾಯಿಗೆ ಏಕೆ ಇಲ್ಲವೆಂಬುದನ್ನೂ ತಾವೇ ಬರೆಯಬೇಕು, ಸಭೆಯಲ್ಲಿ ಆ ಭಾಗವನ್ನು ಬರೆಯಲು ಯಾರೂ ಮುಂದೆ ಬರಲಿಲ್ಲ. ಬರೆಯಲಾಗದಿದ್ದಲ್ಲಿ ತಮ್ಮ ಒಬ್ಬ ಪ್ರತಿನಿಧಿಯನ್ನು ಕಳುಹಿಸಿ, ಬಿಟ್ಟುಹೋದ ಶನಿವಾರವನ್ನು ಮೂಲ ಸ್ಥಿತಿಯಲ್ಲಿ ವಾಪಸು ಒಯ್ಯಬೇಕು. ಅದೂ ಆಗದಿದ್ದಲ್ಲಿ ಬರುವ ವರ್ಷದ ಫೆಲೋಶಿಪ್ಪಿಗೆ ನನ್ನ ಬಲಗಡೆಯ ಎತ್ತನ್ನು ಪರಿಗಣಿಸಬೇಕು. ಅದಕ್ಕೆ ಒಂಬತ್ತು ವರ್ಷ, ನಡತೆ ಒಳ್ಳೆಯದು, ವಾರಕ್ಕೊಂದು ದಿನ ವಿಶ್ರಮಿಸುವುದರಲ್ಲಿ ಊರಿನ ಎಲ್ಲರಿಗಿಂತ ಹೆಚ್ಚಿನ ಅನುಭವವಿದೆ. ಇಲ್ಲವೆ ಅಂಬುಬಾಯಿಯನ್ನೇ ಒಂದು ಬೇಸಿಗೆ ತಮ್ಮ ಊರಿಗೆ ಕರೆಸಿಕೊಳ್ಳಿ. ತಮ್ಮ ಅಂಗಳದ ಹುಲ್ಲನ್ನು ಆರು ದಿನ ಕಿತ್ತು ಏಳನೆಯ ದಿನ ಅವಳು ಎಲ್ಲಿ ಕೂರುತ್ತಾಳೆ, ಅಲ್ಲಿ ತಮ್ಮನ್ನು ಮೇಲೆ ಕರೆಯುತ್ತಾಳೆಯೇ ಎಂಬುದನ್ನು ತಾವೂ ಕಣ್ಣಾರೆ ನೋಡಬಹುದು.

ವಾರದಲ್ಲಿ ಆರು ದಿನ ಮಾತ್ರ ತಮ್ಮ ವಿಶ್ವಾಸಿ,
ಮಾರುತಿ
ಘಾಟಬೋರಾಳ, ಶ್ರಾವಣದ ಮೂರನೆಯ ಶನಿವಾರ

ಮರೆತ ಮಾತು: ಈ ಪತ್ರವನ್ನು ಇಂದೇ ಇಂಗ್ಲಿಷಿಗೆ ತಂದು ಕಳುಹಿಸಬೇಕೆಂದು ಸಭೆಯ ಆಜ್ಞೆ. ಮಧ್ಯಾಹ್ನ ಪೂನಂಳ ಮುಂದಿಟ್ಟಾಗ ಅವಳು, ‘ಇವತ್ತ ಶನಿವಾರ ಅದಲ್ರಿ ಸರ್. ಮೂರು ಚಿಕ್ಕಿ ಕಾಣಲಿ, ಆಮ್ಯಾಲ ಬರೀತೀನಿ’ ಎಂದು ಪೆನ್ನನ್ನು ನನ್ನ ಕಿಸೆಗೇ ಸಿಕ್ಕಿಸಿದಳು. ಆದ ಕಾರಣ ಸದ್ಯಕ್ಕೆ ಕನ್ನಡದಲ್ಲೇ ಬಹಿರಂಗಪಡಿಸುತ್ತಿದ್ದೇನೆ. ಈಗ ಸಂಜೆ. ವಿಹಾರದ ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದೇವೆ, ಯಶೋದಾಬಾಯಿ ಕಡಕ ರೊಟ್ಟಿ ಮುರಿದು ಹಂಚುತ್ತಿದ್ದಾಳೆ. ಮೋಡ ಸ್ವಲ್ಪ ಸರಿದು ಎರಡು ಚಿಕ್ಕಿ ಎಲ್ಲರಿಗೂ ಕಂಡಿವೆ. ‘ನನ್ನ ಕಣ್ಣಿಗೆ ಪೊರಿ ಬಂದದ. ಕನ್ನಡಕ ಇದ್ದವರು ನೀವೇ, ನೀವೇ ನೋಡಿ ಹೇಳ್ರಿ’ ಎಂದಳು ಅಂಬುಬಾಯಿ. ಮೂರನೆಯದು ಬೇವಿನ ಕೊಂಬೆಯ ಸಂದಿನಲ್ಲಿ ಸ್ಪಷ್ಟವಾಗಿ ಹೊಳೆಯುತ್ತಿತ್ತು, ಯಾವ ಕಡೆಗೂ ಸರಿಯುತ್ತಿರಲಿಲ್ಲ. ನಾಳೆ ನನ್ನ ಹೊಲಕ್ಕೂ ಯಾರೂ ಬರುವುದಿಲ್ಲವೆಂದು ಗೊತ್ತಿದ್ದೇ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, ಎರಡೇ ಎಂದು ಹೇಳಿದೆ. ಈ ಒಂದು ಸಂಗತಿಯನ್ನು ಅಜೀತನಿಗೆ ದಯವಿಟ್ಟು ತಿಳಿಸಬಾರದು.